96 ಪ್ರಶ್ನೆ, 24 ಗುಣ, ಒಂದು ಸೆಮಿಸ್ಟರ್: ವಿಐಎ ಪ್ರಶ್ನಾವಳಿಯನ್ನು ಬಳಸಿ ನೋಡಿದ ಮೇಲೆ

ಕಾಲೇಜಿನಲ್ಲಿ ಮೆಂಟರ್ ಎಂಬ ಹೆಚ್ಚುವರಿ ಹೊಣೆ ನನ್ನ ತಲೆಗೆ ಬಂದದ್ದಕ್ಕೆ ಒಂದೇ ಕಾರಣ: ವೇಳಾಪಟ್ಟಿಯಲ್ಲಿ ನನ್ನ ಗುರುವಾರದ ಕೊನೆಯ ಗಂಟೆ ಖಾಲಿ ಕಾಣುತ್ತಿತ್ತು. ನಾನು ಕಲಿಸುವುದು ಸಂಖ್ಯಾಶಾಸ್ತ್ರ. ಮನಃಶಾಸ್ತ್ರಕ್ಕೂ ನನಗೂ ಇರುವ ನಂಟು ಅವರ ಪ್ರಬಂಧಗಳ ಕೋಷ್ಟಕಗಳಲ್ಲಿ ತಪ್ಪು ಹುಡುಕುವಷ್ಟು ಮಾತ್ರ. ಎರಡನೆಯ ವರ್ಷದ ಹದಿನೇಳು ಮಂದಿಯ ಪಟ್ಟಿಯನ್ನು ಕೈಗಿಟ್ಟು, 'ಇವರು ತಮ್ಮ ಸಾಮರ್ಥ್ಯವನ್ನು ತಾವೇ ಗುರುತಿಸಿಕೊಂಡು ಬೆಳೆಸಿಕೊಳ್ಳುವ ಹಾಗೆ ನೋಡಿಕೊಳ್ಳಿ ಮೇಡಂ' ಎಂದರು. ಹೇಗೆ ಎಂದು ಕೇಳುವಷ್ಟರಲ್ಲಿ ಸಭೆ ಮುಗಿದಿತ್ತು.

ಮೊದಲ ಗುರುವಾರ ಎಲ್ಲರಿಂದಲೂ ಒಂದು ಹಾಳೆಯನ್ನು ನಡುವಿಗೆ ಮಡಚಿಸಿ, ಒಂದು ಕಡೆ ನಿಮ್ಮ ಶಕ್ತಿ, ಇನ್ನೊಂದು ಕಡೆ ನಿಮ್ಮ ಕೊರತೆ ಬರೆಯಿರಿ ಎಂದೆ. ಕೊರತೆಯ ಕಡೆ ಸರಸರನೆ ತುಂಬಿತು. ಕೆಲವರಿಗೆ ಜಾಗ ಸಾಲದೆ ಹಿಂಬದಿಗೂ ಹೋಯಿತು. ಶಕ್ತಿಯ ಕಡೆ ಮಾತ್ರ ಸಂದರ್ಶನಕ್ಕೆಂದು ಉರು ಹೊಡೆದ ಪದಗಳೇ. ಹನ್ನೊಂದು ಹಾಳೆಗಳಲ್ಲಿ 'ಹಾರ್ಡ್ ವರ್ಕ್' ಇತ್ತು; ಆ ಹನ್ನೊಂದರಲ್ಲಿ ನಾಲ್ವರು ಹಿಂದಿನ ವಾರದ ಅಸೈನ್‌ಮೆಂಟನ್ನೇ ಕೊಟ್ಟಿರಲಿಲ್ಲ. ಒಬ್ಬ ಹುಡುಗಿ ಶಕ್ತಿಯ ಕಡೆ ಒಂದಕ್ಷರವನ್ನೂ ಬರೆಯದೆ, ಸ್ಕೇಲ್ ಇಟ್ಟು ಮೇಲಿಂದ ಕೆಳಗೆ ಒಂದು ಗೆರೆ ಎಳೆದು ಕೊಟ್ಟಿದ್ದಳು. ಅಳೆದು ಎಳೆದ ಗೆರೆ, ಅಂಚಿನಿಂದ ಅಂಚಿಗೆ. ಈ ಹುಡುಗಿ ಮುಂದೆ ಮತ್ತೆ ಬರುತ್ತಾಳೆ.

ಹಿಂದಿನ ವರ್ಷ ಇದೇ ಉದ್ದೇಶಕ್ಕೆ ಒಂದು ತರಬೇತಿ ಸಂಸ್ಥೆಯವರನ್ನು ಕರೆಸಿದ್ದರು. ಒಂದು ದಿನದ ಕಾರ್ಯಾಗಾರ. ಮೈಕ್ ಹಿಡಿದವರು ಎಲ್ಲರನ್ನೂ ಎದ್ದು ನಿಲ್ಲಿಸಿ 'ನನ್ನಿಂದ ಸಾಧ್ಯ' ಎಂದು ಮೂರು ಸಲ ಕೂಗಿಸಿದರು, ಬಲೂನು ಒಡೆಸಿದರು, ಹನ್ನೆರಡು ಪ್ರಶ್ನೆಗಳಿಗೆ ಉತ್ತರ ಬರೆಸಿ ಪ್ರತಿಯೊಬ್ಬರಿಗೂ ಒಂದೊಂದು ಬಣ್ಣ ಹಂಚಿದರು. ಮರುವಾರ ನನ್ನ ತರಗತಿಯಲ್ಲಿ ಒಬ್ಬ, 'ಮೇಡಂ, ನಾನು ನೀಲಿ, ನನಗೆ ವೇದಿಕೆ ಒಗ್ಗುವುದಿಲ್ಲ' ಎಂದು ಸೆಮಿನಾರ್ ತಪ್ಪಿಸಿಕೊಂಡ. ಹನ್ನೆರಡು ಪ್ರಶ್ನೆಗಳ ಬಲದ ಮೇಲೆ ಮನುಷ್ಯನಿಗೆ ಬಣ್ಣ ಬಳಿಯುವವರ ಮೇಲೆ ನನಗೆ ಅಂದೇ ಹಗೆ ಹುಟ್ಟಿತು. ಆದ್ದರಿಂದ ಈ ಸಲ ನಾನೇ ಹುಡುಕಿದೆ. ಮೂರು ವಾರ ಓದಿ, ಕಡೆಗೆ ವಿಐಎ (ವ್ಯಾಲ್ಯೂಸ್ ಇನ್ ಆಕ್ಷನ್) ಗುಣಶಕ್ತಿ ಪ್ರಶ್ನಾವಳಿಯನ್ನು ಆರಿಸಿಕೊಂಡೆ. ಅದನ್ನು ಒಂದು ಸೆಮಿಸ್ಟರ್ ಪೂರ್ತಿ ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ನಕ್ಷತ್ರ ಕೊಡಲೇಬೇಕು ಎನ್ನುವವರಿಗೆ: ಪ್ರಶ್ನಾವಳಿಯೊಂದಕ್ಕೇ ಆದರೆ ಐದಕ್ಕೆ ಮೂರು. ಅದರ ಬೆನ್ನಿಗೆ ಮಾಡಬೇಕಾದದ್ದನ್ನು ಮಾಡಿದರೆ ನಾಲ್ಕೂವರೆ.

ಇದರ ಹುಟ್ಟನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮನೋರೋಗಗಳನ್ನು ವಿಂಗಡಿಸಿ ಹೆಸರಿಡುವ ದಪ್ಪ ಕೈಪಿಡಿ ವೈದ್ಯರ ಬಳಿ ಬಹಳ ಹಿಂದಿನಿಂದ ಇದೆ. ಮನುಷ್ಯನಲ್ಲಿ ನೆಟ್ಟಗಿರುವುದನ್ನು ಹಾಗೆ ವಿಂಗಡಿಸಿದವರು ಯಾರೂ ಇಲ್ಲವಲ್ಲ ಎಂದು ಕ್ರಿಸ್ಟೋಫರ್ ಪೀಟರ್ಸನ್ ಮತ್ತು ಮಾರ್ಟಿನ್ ಸೆಲಿಗ್‌ಮನ್ ಎಂಬ ಅಮೆರಿಕದ ಇಬ್ಬರು ಮನಃಶಾಸ್ತ್ರಜ್ಞರು ಕೆಲಸಕ್ಕಿಳಿದು, ಬೇರೆ ಬೇರೆ ಧರ್ಮ ಮತ್ತು ತತ್ವಪರಂಪರೆಗಳನ್ನು ಜಾಲಾಡಿ, 2004ರಲ್ಲಿ 24 ಗುಣಗಳ ವರ್ಗೀಕರಣವನ್ನು ಪ್ರಕಟಿಸಿದರು. ಆರು ಗುಂಪು: ವಿವೇಕ, ಧೈರ್ಯ, ಮಾನವೀಯತೆ, ನ್ಯಾಯ, ಸಂಯಮ, ಮತ್ತು ನಮಗಿಂತ ದೊಡ್ಡದೊಂದರ ಜೊತೆಗಿನ ನಂಟು. ಕುತೂಹಲ, ಛಲ, ದಯೆ, ಕ್ಷಮೆ, ಹಾಸ್ಯ, ಕೃತಜ್ಞತೆ, ಮುಂದಾಲೋಚನೆ ಹೀಗೆ 24 ಹೆಸರುಗಳು ಇವುಗಳಡಿ ಬರುತ್ತವೆ. ಮೊದಲು 240 ಪ್ರಶ್ನೆಗಳಿದ್ದವಂತೆ; ಈಗ ಮುಖ್ಯವಾಗಿ ಬಳಕೆಯಲ್ಲಿರುವ ರೂಪದಲ್ಲಿ 96. ಇಮೇಲ್ ಕೊಟ್ಟು ನೋಂದಾಯಿಸಿಕೊಂಡರೆ ಸಾಕು, ಉಚಿತ. ವಿವರವಾದ ವರದಿ ಬೇಕಾದರೆ ಅದಕ್ಕೆ ಬೇರೆ ಹಣ. ನಮಗೆ ಅದರ ಅಗತ್ಯ ಬೀಳಲಿಲ್ಲ.

ವಿದ್ಯಾರ್ಥಿಗಳ ಮೇಲೆ ಪ್ರಯೋಗಿಸುವ ಮೊದಲು ನಾನೇ ಕುಳಿತು ಮುಗಿಸಿದೆ. ಹದಿನೈದು ನಿಮಿಷಕ್ಕೂ ಕಡಿಮೆ ಹಿಡಿಯಿತು. ಪ್ರತಿ ವಾಕ್ಯಕ್ಕೂ 'ನಾನು ಪೂರ್ತಿ ಹೀಗೆಯೇ' ಎಂಬಲ್ಲಿಂದ 'ನಾನು ಹೀಗೆ ಅಲ್ಲವೇ ಅಲ್ಲ' ಎಂಬಲ್ಲಿಯವರೆಗೆ ಐದು ಆಯ್ಕೆ. ಕೊನೆಗೆ 24 ಗುಣಗಳೂ ಒಂದರ ಕೆಳಗೊಂದು ಸಾಲಾಗಿ ನಿಂತವು. ನನಗೆ ಮೊದಲ ಸ್ಥಾನದಲ್ಲಿ ನ್ಯಾಯಬುದ್ಧಿ ಬಂತು, ಹಿಗ್ಗಿದೆ. ಕಟ್ಟಕಡೆಯಲ್ಲಿ, 24ನೆಯದಾಗಿ, ಕ್ಷಮೆ. ಅದನ್ನು ಸಿಬ್ಬಂದಿ ಕೊಠಡಿಯಲ್ಲಿ ಬಾಯಿಬಿಟ್ಟದ್ದು ತಪ್ಪಾಯಿತು. 'ಇಷ್ಟನ್ನು ತಿಳಿಯುವುದಕ್ಕೆ 96 ಪ್ರಶ್ನೆ ಬೇಕಿತ್ತೇ ಮೇಡಂ? ತಡವಾಗಿ ರೆಕಾರ್ಡ್ ತಂದ ಯಾರನ್ನಾದರೂ ಒಬ್ಬರನ್ನು ಕೇಳಿದ್ದರೆ ಸಾಕಿತ್ತು' ಎಂದು ಪಕ್ಕದ ಮೇಜಿನವರು ನಕ್ಕರು.

ಇನ್ನು ನನ್ನ ಕಸುಬಿನ ಕಣ್ಣಿಗೆ ಬಿದ್ದದ್ದನ್ನು ಹೇಳಬೇಕು. 96 ಪ್ರಶ್ನೆ, 24 ಗುಣ. ಅಂದರೆ ಒಂದು ಗುಣಕ್ಕೆ ನಾಲ್ಕೇ ಪ್ರಶ್ನೆ. ಒಂದೊಂದಕ್ಕೂ 1ರಿಂದ 5 ಅಂಕ. ನಾಲ್ಕನ್ನೂ ಕೂಡಿದರೆ ಕನಿಷ್ಠ 4, ಗರಿಷ್ಠ 20. ನಡುವೆ ಎಷ್ಟು ಎಣಿಸಿದರೂ ಸಾಧ್ಯವಿರುವ ಮೊತ್ತಗಳು ಹದಿನೇಳೇ. ಹದಿನೇಳು ಗೂಡುಗಳಲ್ಲಿ 24 ಪಾರಿವಾಳಗಳನ್ನು ಕೂರಿಸಿದರೆ ಯಾವುದಾದರೂ ಗೂಡಿನಲ್ಲಿ ಒಂದಕ್ಕಿಂತ ಹೆಚ್ಚು ಇರಲೇಬೇಕು. ಹಾಗಿದ್ದರೂ ಪಟ್ಟಿಯಲ್ಲಿ 1ರಿಂದ 24ರವರೆಗೆ ಮೆಟ್ಟಿಲು ಕಡಿದ ಹಾಗೆ ಸಂಖ್ಯೆಗಳು ಕಾಣುತ್ತವೆ. ಐದನೆಯದಕ್ಕೂ ಎಂಟನೆಯದಕ್ಕೂ ಕೂದಲೆಳೆಯ ವ್ಯತ್ಯಾಸವೂ ಇಲ್ಲದಿರಬಹುದು. ಇದನ್ನು ಮೊದಲೇ ಹೇಳದಿದ್ದರೆ ರ‍್ಯಾಂಕ್ ನೋಡಿ ಬೆಳೆದ ಮಕ್ಕಳು ಇದನ್ನೂ ಅಂಕಪಟ್ಟಿಯ ಹಾಗೆಯೇ ಓದುತ್ತಾರೆ. ಇನ್ನೊಂದು ಸಂಗತಿ: ಈ ಕ್ರಮಾಂಕ ನಿಮ್ಮದೇ ಗುಣಗಳ ನಡುವಿನದು, ಪಕ್ಕದವರೊಂದಿಗೆ ಹೋಲಿಕೆಯಲ್ಲ. ನನ್ನ ಹತ್ತನೆಯ ಸ್ಥಾನದ ಛಲ ನಿಮ್ಮ ಎರಡನೆಯ ಸ್ಥಾನದ ಛಲಕ್ಕಿಂತ ಗಟ್ಟಿಯಿರಬಹುದು. ಇದನ್ನು ನಾನು ಹಲಗೆಯ ಮೇಲೆ ಉದಾಹರಣೆ ಹಾಕಿ ವಿವರಿಸಿದೆ. ಆದರೂ ಗಂಟೆ ಹೊಡೆದ ಕೂಡಲೇ ಕಾರಿಡಾರಿನಲ್ಲಿ 'ನಿನ್ನ ನಾಯಕತ್ವ ಎಷ್ಟನೆಯದು?' ಎಂದು ಕೇಳಿಕೊಳ್ಳುತ್ತಿದ್ದರು.

ಇಂಥ ಪರೀಕ್ಷೆಗಳಲ್ಲಿ ಇನ್ನೊಂದು ಬಲೆಯಿದೆ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಧ್ಯಾಪಕ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಆಮೇಲೆ ಪ್ರತಿಯೊಬ್ಬರಿಗೂ 'ಇದು ನಿನ್ನ ಫಲಿತಾಂಶ' ಎಂದು ಒಂದೊಂದು ಹಾಳೆ ಹಂಚಿದ. ಎಷ್ಟು ಸರಿಯಾಗಿದೆ ಎಂದು ಐದಕ್ಕೆ ಅಂಕ ಕೊಡಲು ಹೇಳಿದಾಗ ಸರಾಸರಿ 4.26 ಬಂತು. ಎಲ್ಲರ ಹಾಳೆಯಲ್ಲಿದ್ದದ್ದೂ ಒಂದೇ ಒಕ್ಕಣೆ. ಅದನ್ನು ಆತ ಹೆಚ್ಚಾಗಿ ಜ್ಯೋತಿಷ್ಯದ ಪುಸ್ತಕವೊಂದರಿಂದ ಎತ್ತಿಕೊಂಡಿದ್ದ. ವಿಐಎಯ 24 ಪದಗಳೂ ಒಳ್ಳೆಯ ಪದಗಳೇ. ನಿನ್ನಲ್ಲಿ ದಯೆಯಿದೆ, ಪ್ರಾಮಾಣಿಕತೆಯಿದೆ ಎಂದರೆ ಯಾರು ತಾನೇ ಇಲ್ಲ ಎಂದಾರು? ಆದ್ದರಿಂದ 'ನನ್ನ ಬಗ್ಗೆ ಎಷ್ಟು ಸರಿಯಾಗಿ ಹೇಳಿತು' ಎಂಬ ಸಂಭ್ರಮವನ್ನು ನಾನು ಪುರಾವೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗಾಗಿ ನಾನು ಬೇರೆ ದಾರಿ ಹಿಡಿದೆ. ಹದಿನಾರು ಮಂದಿ ಪ್ರಶ್ನಾವಳಿ ಮುಗಿಸಿದರು. ಹದಿನೇಳನೆಯವಳು ಒಲ್ಲೆ ಎಂದಳು. 'ನನ್ನ ಹೆಸರಿನ ಮುಂದೆ ಈಗಾಗಲೇ ಬೇಕಾದಷ್ಟು ನಂಬರುಗಳಿವೆ ಮೇಡಂ' ಎಂದದ್ದು ಅವಳ ಕಾರಣ. ಒತ್ತಾಯ ಮಾಡುವ ಹಕ್ಕು ನನಗಿಲ್ಲ, ಮಾಡಲಿಲ್ಲ. ಒಪ್ಪಿಗೆ ಕೊಟ್ಟವರ ಮೊದಲ ಐದು ಗುಣಗಳನ್ನು ಹೆಸರಿಲ್ಲದೆ ಹದಿನಾರು ಚೀಟಿಗಳಲ್ಲಿ ಮುದ್ರಿಸಿ ಮೇಜಿನ ಮೇಲೆ ಹರಡಿದೆ. ಚೀಟಿ ಹೊಂದಿಸುವ ಕೆಲಸವನ್ನು ತಂತಮ್ಮ ಚೀಟಿಯ ಬಗ್ಗೆ ತುಟಿ ಬಿಚ್ಚಬಾರದೆಂಬ ಷರತ್ತಿನ ಮೇಲೆ ಎಲ್ಲರಿಗೂ ವಹಿಸಿದೆ: ಯಾವ ಚೀಟಿ ಯಾರದು, ಚರ್ಚಿಸಿ ನಿರ್ಧರಿಸಿ.

ಕಣ್ಣು ಮುಚ್ಚಿ ಹಂಚಿದರೂ ಸರಾಸರಿ ಒಂದು ಚೀಟಿ ಸರಿಯಾದವರ ಕೈ ಸೇರುತ್ತದೆ. ಹದಿನಾರು ಮಂದಿಯಿರಲಿ, ಹದಿನಾರು ಸಾವಿರ ಮಂದಿಯಿರಲಿ, ಆ ಸರಾಸರಿ ಒಂದೇ. ಸಂಭವನೀಯತೆಯ ಪಾಠದಲ್ಲಿ ನನಗೆ ಅಚ್ಚುಮೆಚ್ಚಿನ ಲೆಕ್ಕ ಇದು. ಪ್ರತಿ ವರ್ಷ ಹೇಳುತ್ತೇನೆ, ಪ್ರತಿ ವರ್ಷ ಯಾರೂ ನಂಬುವುದಿಲ್ಲ. ನಮ್ಮ ಗುಂಪಿನವರು ನಲವತ್ತು ನಿಮಿಷ ಕಚ್ಚಾಡಿ ಏಳು ಚೀಟಿಗಳನ್ನು ಸರಿಯಾಗಿ ಹೊಂದಿಸಿದರು. ಏಳು! ಇದು ಸಂಶೋಧನೆಯೇನಲ್ಲ, ಒಂದೇ ಕೊಠಡಿ, ಒಂದೇ ಸಲ. ಆದರೂ ಪಟ್ಟಿಯಲ್ಲಿ ಬರೀ ಹೊಗಳಿಕೆಯಷ್ಟೇ ಇದ್ದಿದ್ದರೆ ಹೀಗೆ ಹೊಂದುತ್ತಿರಲಿಲ್ಲ ಎಂಬಷ್ಟು ಧೈರ್ಯ ನನಗೆ ಬಂತು.

ಅಂದಿನ ಚರ್ಚೆಯೇ ಇಡೀ ಸೆಮಿಸ್ಟರಿನಲ್ಲಿ ನನಗೆ ದಕ್ಕಿದ ಒಳ್ಳೆಯ ಗಂಟೆ. 'ಇದು ಅವನದೇ, ಬಸ್ಸಿನಲ್ಲಿ ಪರ್ಸ್ ಸಿಕ್ಕಿದಾಗ ಏನು ಮಾಡಿದ ಗೊತ್ತಲ್ಲ', 'ಇಲ್ಲ, ಅವಳು ಹೊರಗೆ ನಗುತ್ತಾಳೆ ಅಷ್ಟೇ, ಅವಳದು ಈ ಚೀಟಿ', ಹೀಗೆ. ಪದಕ್ಕೆ ಪುರಾವೆಯಾಗಿ ಪ್ರಸಂಗ ಬೀಳತೊಡಗಿತು. ಹಿಂದಿನ ವಾರಗಳಲ್ಲಿ 'ಹಾರ್ಡ್ ವರ್ಕ್' ಎಂದು ಬರೆದು ಸುಮ್ಮನಾಗಿದ್ದವರು, ತಮ್ಮ ಬಗ್ಗೆ ಬೇರೆಯವರು ಇಷ್ಟನ್ನು ನೆನಪಿಟ್ಟುಕೊಂಡಿದ್ದಾರೆಂದು ಕೇಳಿ ಮುಖ ಕೆಂಪಗೆ ಮಾಡಿಕೊಂಡು ಕುಳಿತಿದ್ದರು.

ಇಲ್ಲಿಯವರೆಗೆ ಎಲ್ಲವೂ ಸರಿ. ಆಮೇಲೆ ನಾನೊಂದು ಎಡವಟ್ಟು ಮಾಡಿದೆ. ಪೂರ್ತಿ ಪಟ್ಟಿಯನ್ನು ಮುದ್ರಿಸಿ ಫೈಲಿನಲ್ಲಿಟ್ಟುಕೊಳ್ಳಲು ಹೇಳಿದೆ. ಪಟ್ಟಿಯ ಅಡಿಭಾಗದಲ್ಲಿರುವುದು ದೌರ್ಬಲ್ಯವಲ್ಲ, ಕಡಿಮೆ ಬಳಕೆಯ ಗುಣ ಎಂಬುದು ಈ ವರ್ಗೀಕರಣದ ಮೂಲ ನಿಲುವು. ಆದರೆ ಇಪ್ಪತ್ತರ ಹರೆಯದವರ ಕಣ್ಣು ಮೊದಲು ಓಡುವುದೇ ಅಡಿಗೆ. ಸ್ವನಿಯಂತ್ರಣ 24ನೆಯದಾಗಿ ಬಂದಿದ್ದ ಹುಡುಗನೊಬ್ಬ ಮುಂದಿನ ಸೋಮವಾರ ಅಸೈನ್‌ಮೆಂಟ್ ತರದೆ ಬಂದು, 'ಏನು ಮಾಡುವುದು ಮೇಡಂ, ನನ್ನದು 24' ಎಂದು ಕೈ ಚೆಲ್ಲಿದ. ಕಳೆದ ವರ್ಷದ ನೀಲಿ ಹುಡುಗ ಕಣ್ಣ ಮುಂದೆ ಬಂದ. ಬಣ್ಣದ ಬದಲು ಸಂಖ್ಯೆ, ಅಷ್ಟೇ ವ್ಯತ್ಯಾಸ! ಇಂಥ ಪರೀಕ್ಷೆ 'ನಾನು ಇರುವುದೇ ಹೀಗೆ' ಎಂಬ ನಂಬಿಕೆಯನ್ನು ಗಟ್ಟಿ ಮಾಡಿಬಿಟ್ಟರೆ ಮಾಡದಿರುವುದೇ ವಾಸಿ. ನಾನು ಅವನಿಗೆ, 'ನನ್ನದೂ 24ನೆಯದೊಂದಿದೆ, ಕ್ಷಮೆ. ಈಗ ನಾನೇನು ಮಾಡಲಿ ಹೇಳು' ಎಂದೆ. ಮರುದಿನವೇ ತಂದ. ಇದು ಬೋಧನಾ ವಿಧಾನ ಅಲ್ಲವೆಂದು ನನಗೂ ಗೊತ್ತು.

ಈ ವಿಮರ್ಶೆಯ ಮುಖ್ಯ ಮಾತಿಗೆ ಬರುತ್ತೇನೆ. ಪಟ್ಟಿ ಕೈಗೆ ಬಂದ ದಿನ ಎಲ್ಲರೂ ಉಬ್ಬಿದ್ದರು. ಹತ್ತು ದಿನಕ್ಕೆ ಮರೆತರು. ಇದು ನನ್ನ ವಿದ್ಯಾರ್ಥಿಗಳ ಗುಣ ಮಾತ್ರವಲ್ಲ. ಸೆಲಿಗ್‌ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 577 ಮಂದಿಯನ್ನು ಚೀಟಿ ಎತ್ತಿದ ಹಾಗೆ ಗುಂಪುಗಳಾಗಿ ಹಂಚಿ ಒಂದೊಂದು ಗುಂಪಿಗೆ ಒಂದೊಂದು ವಾರದ ಕೆಲಸ ಕೊಟ್ಟಿದ್ದರು. ಒಂದು ಗುಂಪಿನವರು ತಮ್ಮ ಮೇಲುಸಾಲಿನ ಐದು ಗುಣಗಳನ್ನು ಗುರುತಿಸಿಕೊಂಡು ಹೆಚ್ಚು ಬಳಸುವಷ್ಟಕ್ಕೆ ನಿಂತರು. ಇನ್ನೊಂದು ಗುಂಪಿನವರು ಅವುಗಳಲ್ಲಿ ಒಂದನ್ನು ಒಂದು ವಾರ ದಿನವೂ ಹೊಸದೊಂದು ರೀತಿಯಲ್ಲಿ ಬಳಸಬೇಕಿತ್ತು. ಹೋಲಿಕೆಗೆಂದು ಇಟ್ಟುಕೊಂಡ ಗುಂಪು ರಾತ್ರಿ ಬಾಲ್ಯದ ನೆನಪುಗಳನ್ನು ಬರೆಯುತ್ತಿತ್ತು. ಬರೀ ಗುರುತಿಸಿಕೊಂಡವರ ಉತ್ಸಾಹ ಬಂದಷ್ಟೇ ಬೇಗ ಇಳಿಯಿತು. ಹೊಸ ರೀತಿಯಲ್ಲಿ ಬಳಸಿದವರಲ್ಲಿ ಸಂತೋಷ ಹೆಚ್ಚಿದ್ದೂ ಖಿನ್ನತೆಯ ಲಕ್ಷಣಗಳು ತಗ್ಗಿದ್ದೂ ಆರು ತಿಂಗಳವರೆಗೆ ಕಂಡುಬಂತು. ಒಂದು ವಾರದ ಮನೆಗೆಲಸಕ್ಕೆ ಆರು ತಿಂಗಳು! ಎರಡು ಗುಂಪಿನ ನಡುವೆ ಇದ್ದದ್ದು 'ಹೊಸ ರೀತಿಯಲ್ಲಿ' ಎಂಬ ಒಂದು ತುಣುಕು.

ಆ ತುಣುಕು ಕೇಳಲು ಸುಲಭ, ಮಾಡಿಸಲು ತ್ರಾಸ. ಮೊದಲು ಐದರಲ್ಲಿ ಯಾವುದು ನಿಜವಾದ ಹೆಗ್ಗುರುತು ಎಂದು ಆರಿಸಬೇಕು. ಅದಕ್ಕೆ ಮೂರು ಪ್ರಶ್ನೆ ಇಟ್ಟುಕೊಂಡೆವು. ಇದಿಲ್ಲದಿದ್ದರೆ ನೀನು ನೀನೇ ಅಲ್ಲ ಎನಿಸುತ್ತದೆಯೇ? ಬೇರೆಯವರು ತಿಣುಕುವಲ್ಲಿ ನಿನಗೆ ಸಲೀಸಾಗಿ ಬರುತ್ತದೆಯೇ? ಮಾಡಿ ಮುಗಿಸಿದಾಗ ದಣಿವಿಗಿಂತ ಹುರುಪು ಹೆಚ್ಚಿರುತ್ತದೆಯೇ? ಮೂರಕ್ಕೂ ಹೌದು ಎಂದದ್ದನ್ನು ಹಿಡಿದುಕೊಂಡು, ಏಳು ದಿನಕ್ಕೆ ಏಳು ಚಿಕ್ಕ ಕೆಲಸ ಬರೆಯಬೇಕು. 'ಎಲ್ಲರಿಗೂ ದಯೆ ತೋರುತ್ತೇನೆ' ಎಂಬಂಥ ವಾಕ್ಯಗಳನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದೆ. ಯಾರಿಗೆ, ಎಲ್ಲಿ, ಯಾವಾಗ ಎಂಬುದು ಇರಲೇಬೇಕು.

ಸ್ಕೇಲ್ ಇಟ್ಟು ಗೆರೆ ಎಳೆದ ಹುಡುಗಿಗೆ ಮೊದಲ ಸ್ಥಾನದಲ್ಲಿ ಬಂದದ್ದು ಮುಂದಾಲೋಚನೆ. ಅದನ್ನು ನೋಡಿ ಅವಳ ಮುಖ ಸಪ್ಪಗಾಗಿತ್ತು. 'ಇದು ಮುದುಕರ ಗುಣ ಮೇಡಂ. ಎಲ್ಲರಿಗೂ ಸೃಜನಶೀಲತೆ, ಧೈರ್ಯ ಅಂತೆಲ್ಲ ಬಂದಿದೆ.' ಮನೆಯಲ್ಲೂ ಗೆಳತಿಯರಲ್ಲೂ ಅವಳಿಗೆ ಇದ್ದ ಹೆಸರು ಅನುಮಾನದ ಪ್ರಾಣಿ. ಯಾವ ಯೋಜನೆ ಹಾಕಿದರೂ 'ಹಾಗಾಗಿಬಿಟ್ಟರೆ?' ಎಂದು ಅಡ್ಡಗಾಲು ಹಾಕುವವಳು. ಅವಳ ತಂಡ ಆಗ ನನ್ನದೇ ವಿಷಯಕ್ಕೆ ಒಂದು ಪ್ರಾಜೆಕ್ಟ್ ಮಾಡುತ್ತಿತ್ತು: ಗ್ರಂಥಾಲಯವನ್ನು ಯಾರು, ಯಾವಾಗ, ಯಾಕೆ ಬಳಸುತ್ತಾರೆ ಎಂಬ ಸಮೀಕ್ಷೆ. ನಾನು ಹೇಳಿದ್ದು ಇಷ್ಟೇ: 'ಹಾಗಾಗಿಬಿಟ್ಟರೆ ಎಂದು ಬಾಯಲ್ಲಿ ಹೇಳುವ ಬದಲು ಒಂದು ಪುಟದಲ್ಲಿ ಬರೆ. ವರದಿ ಒಪ್ಪಿಸುವ ಮೊದಲು ಏನೇನು ಕೆಟ್ಟಿರಬಹುದು, ಹತ್ತು ಸಾಲು.' ಅವಳ ನಾಲ್ಕನೆಯ ಸಾಲು: 'ಒಬ್ಬರ ಉತ್ತರವೇ ಎರಡು ಸಲ ಸೇರಿದ್ದರೆ?' ತಂಡದವರು ಗೊಣಗುತ್ತಲೇ ದತ್ತಾಂಶವನ್ನು ವಿಂಗಡಿಸಿ ನೋಡಿದರು. 212 ಸಾಲುಗಳಲ್ಲಿ 31 ಸಾಲು ಪುನರಾವರ್ತನೆ. ಯಾರೋ ಒಂದು ದಿನದ ಫಾರಂಗಳನ್ನು ಎರಡು ಸಲ ಕಂಪ್ಯೂಟರಿಗೆ ಏರಿಸಿದ್ದರು. ಸಂಜೆಯ ಹೊತ್ತು ಗ್ರಂಥಾಲಯ ತುಂಬಿರುತ್ತದೆ ಎಂಬ ಅವರ ದೊಡ್ಡ ತೀರ್ಮಾನ ಆ 31 ಸಾಲುಗಳ ಮೇಲೆ ನಿಂತಿತ್ತು. ತೆಗೆದುಹಾಕಿದ ಮೇಲೆ ಕುಸಿದುಬಿತ್ತು. ಎರಡು ರಾತ್ರಿ ಕುಳಿತು ವರದಿಯನ್ನು ಮತ್ತೆ ಬರೆದರು, ಅವಳನ್ನು ಬೈದುಕೊಂಡೇ. ಆ ಬೈಗುಳದಲ್ಲಿ ಹಿಂದಿನ ಮೊನಚು ಇರಲಿಲ್ಲ. ಮುಂದಿನ ಪ್ರಾಜೆಕ್ಟಿಗೆ ತಂಡ ಕಟ್ಟುವಾಗ ಇನ್ನೊಂದು ಗುಂಪಿನವರು ಅವಳನ್ನು ಕರೆದರಂತೆ. ಹೋಗಲಿಲ್ಲ. ಕರೆದರು ಎಂಬುದನ್ನು ಮಾತ್ರ ನನಗೆ ಎರಡು ಸಲ ಹೇಳಿದಳು.

ಎಲ್ಲರದೂ ಹೀಗಾಗಲಿಲ್ಲ. ಐದಾರು ಮಂದಿ ಏಳು ದಿನದ ಕೆಲಸವನ್ನು ಏಳನೆಯ ದಿನ ರಾತ್ರಿ ಕುಳಿತು ಕಲ್ಪಿಸಿ ಬರೆದರು; ಪೆನ್ನಿನ ಶಾಯಿ ಒಂದೇ ಇತ್ತು. ಕುತೂಹಲ ಮೊದಲ ಸ್ಥಾನದಲ್ಲಿದ್ದ ಹುಡುಗ ವಾರದೊಳಗೆ ಐದು ಆನ್‌ಲೈನ್ ಕೋರ್ಸುಗಳಿಗೆ ಸೇರಿಕೊಂಡು ಒಂದನ್ನೂ ಮುಗಿಸಲಿಲ್ಲ. ಅವನಿಗೆ ಬೇಕಾಗಿದ್ದದ್ದು ಕುತೂಹಲಕ್ಕೆ ಇನ್ನಷ್ಟು ಗಾಳಿ ಹಾಕುವುದಲ್ಲ, ಕಡಿವಾಣ. ಶಕ್ತಿಯೂ ಹದ ಮೀರಿದರೆ ಕಾಟವೇ. ಪ್ರಶ್ನಾವಳಿಯ ಪಟ್ಟಿ ತಾನಾಗಿ ಇದನ್ನು ಹೇಳಿಕೊಡುವುದಿಲ್ಲ, ಪಕ್ಕದಲ್ಲಿ ಯಾರಾದರೂ ಕುಳಿತು ಹೇಳಬೇಕು. ಅವನಿಗೆ ಮುಂದಿನ ವಾರ ಒಂದೇ ಪ್ರಶ್ನೆಯನ್ನು ಏಳು ದಿನ ಬೆನ್ನಟ್ಟುವ ಕೆಲಸ ಕೊಟ್ಟೆ. ಮೂರು ದಿನ ನಡೆಯಿತು.

ಪ್ರಶ್ನಾವಳಿಯ ಇನ್ನೊಂದು ಮಿತಿಯೆಂದರೆ ಅದು ನಿಮ್ಮನ್ನೇ ಕೇಳಿ ನಿಮಗೇ ಹೇಳುತ್ತದೆ. ತನ್ನ ಬಗ್ಗೆ ತಪ್ಪು ಕಲ್ಪನೆಯಿರುವವನಿಗೆ ಅದೇ ತಪ್ಪು ಕಲ್ಪನೆಯನ್ನು ಕ್ರಮಾಂಕ ಹಚ್ಚಿ ವಾಪಸು ಕೊಡುತ್ತದೆ. ಇದಕ್ಕೆ ನಾನು ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಒಂದು ಅಭ್ಯಾಸವನ್ನು ಜೊತೆಗಿಟ್ಟುಕೊಂಡೆ. ನಿಮ್ಮನ್ನು ಬಲ್ಲ ಹತ್ತಿಪ್ಪತ್ತು ಜನರಿಗೆ ಬರೆದು, ನೀವು ನಿಮ್ಮ ಅತ್ಯುತ್ತಮ ರೂಪದಲ್ಲಿದ್ದದ್ದನ್ನು ಅವರು ಕಂಡ ಪ್ರಸಂಗಗಳನ್ನು ಕೇಳುವುದು. ಬಂದದ್ದನ್ನೆಲ್ಲ ಒಟ್ಟಿಗೆ ಓದಿ ಅವುಗಳಲ್ಲಿ ಮತ್ತೆ ಮತ್ತೆ ಬರುವ ಎಳೆಯನ್ನು ಹುಡುಕುವುದು. ನಾವು ಐದು ಜನಕ್ಕೆ, ಒಂದೊಂದು ಪ್ರಸಂಗಕ್ಕೆ ಇಳಿಸಿಕೊಂಡೆವು. ಕೇಳುವುದಕ್ಕೇ ಎಲ್ಲರಿಗೂ ಸಂಕೋಚ. 'ನನ್ನನ್ನು ಹೊಗಳಿ ಎಂದು ಬಾಯಿಬಿಟ್ಟು ಕೇಳಿದ ಹಾಗಾಗುತ್ತದೆ ಮೇಡಂ' ಎಂದರು. ಮೇಡಂ ಕೊಟ್ಟ ಕೆಲಸ ಎಂದು ನನ್ನ ಮೇಲೆ ಹಾಕಿಬಿಡಿ ಎಂದೆ. ಆ ನೆಪ ಕೆಲಸ ಮಾಡಿತು.

ಒಬ್ಬನಿಗೆ ಪ್ರಶ್ನಾವಳಿಯಲ್ಲಿ ಹಾಸ್ಯ ಮೂರನೆಯದಾಗಿ ಬಂದಿತ್ತು. ಮಾತೇ ಆಡದ ಹುಡುಗ. ಅವನೂ ನಂಬಲಿಲ್ಲ, ಚೀಟಿ ಹೊಂದಿಸುವ ದಿನ ಉಳಿದವರೂ ಅವನ ಚೀಟಿಯನ್ನು ಬೇರೆಯವನಿಗೆ ಕೊಟ್ಟಿದ್ದರು. ಶಾಲೆಯ ಹಳೆಯ ಸಹಪಾಠಿಯೊಬ್ಬ ಅವನಿಗೆ ಬರೆದುಕೊಟ್ಟ ಪ್ರಸಂಗ ಹೀಗಿತ್ತು: ವಿಜ್ಞಾನ ಪ್ರದರ್ಶನದ ದಿನ ಇವರು ವಾರಗಟ್ಟಲೆ ಕಟ್ಟಿದ ಸೇತುವೆಯ ಮಾದರಿ ತೀರ್ಪುಗಾರರು ಬರುವ ಹೊತ್ತಿಗೆ ಸರಿಯಾಗಿ ಕುಸಿಯಿತು. ಎಲ್ಲರೂ ಅಳುವ ಹಾಗಿದ್ದರು. ಇವನು ಫಲಕದ ಮೇಲಿದ್ದ 'ಗಟ್ಟಿ ಸೇತುವೆ ಕಟ್ಟುವುದು ಹೇಗೆ' ಎಂಬ ತಲೆಬರಹದ ಒಂದು ಪದವನ್ನು ಬದಲಿಸಿ 'ಗಟ್ಟಿ ಸೇತುವೆ ಕಟ್ಟದಿರುವುದು ಹೇಗೆ' ಎಂದು ತಿದ್ದಿ, ಅವಶೇಷಗಳನ್ನು ತೋರಿಸುತ್ತ ತೀರ್ಪುಗಾರರಿಗೆ ವಿವರಣೆ ಕೊಟ್ಟ. ಬಹುಮಾನ ಬರಲಿಲ್ಲ, ಆದರೆ ಯಾರೂ ಅಳಲಿಲ್ಲ. ಅದನ್ನು ಓದಿದ ಹುಡುಗ, 'ಹಾಸ್ಯ ಅಂದರೆ ಜೋಕು ಹೇಳುವುದು ಅಂದುಕೊಂಡಿದ್ದೆ' ಎಂದ.

ಇದೇ ಬಗೆಯ ಇನ್ನೊಂದು ಹೆಸರಾಂತ ಪರೀಕ್ಷೆ ಕ್ಲಿಫ್ಟನ್‌ಸ್ಟ್ರೆಂತ್ಸ್. ಡಾನ್ ಕ್ಲಿಫ್ಟನ್ ಆರಂಭಿಸಿದ್ದು, ಗ್ಯಾಲಪ್ ಸಂಸ್ಥೆ ನಡೆಸುತ್ತದೆ. 177 ಜೋಡಿ ವಾಕ್ಯಗಳು, ಪ್ರತಿ ಜೋಡಿಗೆ ಇಪ್ಪತ್ತು ಸೆಕೆಂಡು, 34 ಪ್ರತಿಭೆಗಳ ಪಟ್ಟಿ. ಅದಕ್ಕೆ ದುಡ್ಡು ಕೊಡಬೇಕು. ಅಲ್ಲಿನ ಒತ್ತು ಕೆಲಸದ ಸ್ಥಳದಲ್ಲಿ ನೀವು ಹೇಗೆ ಯೋಚಿಸುತ್ತೀರಿ, ಹೇಗೆ ಕೆಲಸ ಪೂರೈಸುತ್ತೀರಿ ಎಂಬುದರ ಮೇಲೆ. ವಿದ್ಯಾರ್ಥಿಗಳಿಗೆಂದೇ ಒಂದು ರೂಪವೂ ಇದೆ. ಅಂತಿಮ ವರ್ಷದವರಿಗೆ, ಕೆಲಸದ ಹುಡುಕಾಟದ ಹೊಸ್ತಿಲಲ್ಲಿರುವವರಿಗೆ ಅದು ಹತ್ತಿರವಾಗಬಹುದು. ಆದರೆ 'ವೂ', 'ಇನ್‌ಪುಟ್' ಎಂಬಂಥ ಅಲ್ಲಿನ ಹೆಸರುಗಳಿಗೆ ಟಿಪ್ಪಣಿ ಬೇಕು. ದಯೆ, ಛಲ, ಕ್ಷಮೆ ಎಂದರೆ ಅಜ್ಜಿಗೂ ಅರ್ಥವಾಗುತ್ತದೆ. ಐದು ಜನರಿಂದ ಪ್ರಸಂಗ ಕೇಳಿ ತರುವಾಗ ಇದು ದೊಡ್ಡ ಅನುಕೂಲ.

ಯಾರಿಗೆ ಬೇಡ ಎಂಬುದನ್ನೂ ಹೇಳುತ್ತೇನೆ. ಪ್ರವೇಶಕ್ಕೆ, ಆಯ್ಕೆಗೆ, ತಂಡದ ನಾಯಕನನ್ನು ನೇಮಿಸುವುದಕ್ಕೆ ಇದನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಅಂಕ ಸಿಗುತ್ತದೆ ಎಂದು ಗೊತ್ತಾದ ಕ್ಷಣ ಎಲ್ಲರೂ ನಾಯಕರಾಗಿಬಿಡುತ್ತಾರೆ. ತೀರಾ ಕುಗ್ಗಿಹೋಗಿರುವ, ನಿದ್ರೆ ಊಟ ಬಿಟ್ಟಿರುವ ವಿದ್ಯಾರ್ಥಿಯ ಕೈಗೆ ಇದನ್ನು ಕೊಟ್ಟು ಕಳಿಸಬೇಡಿ. ಅವರಿಗೆ ಬೇಕಾದದ್ದು ಆಪ್ತಸಮಾಲೋಚಕರೋ ವೈದ್ಯರೋ, ಪಟ್ಟಿ ಅಲ್ಲ. ಒಂದೇ ದಿನದಲ್ಲಿ ಮುಗಿಸಿ ಪ್ರಮಾಣಪತ್ರ ಹಂಚುವ ಯೋಚನೆಯಿದ್ದರೂ ಬೇಡ. ನಾಲ್ಕು ವಾರ, ವಾರಕ್ಕೊಂದು ಗಂಟೆ, ಹದಿನೈದಿಪ್ಪತ್ತು ಮಂದಿಯ ಗುಂಪು, ಜಗಳವಾಡುವಷ್ಟು ಸಲಿಗೆ: ಇಷ್ಟಿದ್ದರೆ ಮಾತ್ರ ಕೈ ಹಾಕಿ. ಪೂರ್ತಿ ಪಟ್ಟಿ ಅವರವರ ಬಳಿಯೇ ಇರಲಿ. ಮುಂದಿನ ವರ್ಷ ನಾನು ಮೊದಲ ಐದನ್ನು ಮಾತ್ರ ಕೇಳುತ್ತೇನೆ, ಅದೂ ಕ್ರಮಾಂಕವಿಲ್ಲದೆ, ಅಕಾರಾದಿಯಾಗಿ.

ಇನ್ನೊಂದು ಬದಲಾವಣೆಯನ್ನೂ ಮಾಡಿಕೊಂಡಿದ್ದೇನೆ. ಪ್ರಶ್ನಾವಳಿ ಒಲ್ಲೆ ಎಂದ ಹದಿನೇಳನೆಯವಳು ಇದ್ದಳಲ್ಲ, ಚೀಟಿಯ ದಿನ ಸುಮ್ಮನೆ ಕೂರುವುದು ಬೇಡವೆಂದು ಅವಳಿಗೆ ಒಂದು ಕೆಲಸ ಹೇಳಿದ್ದೆ. ಉಳಿದವರು ಬರುವ ಮೊದಲು ಹದಿನಾರೂ ಚೀಟಿಗಳನ್ನು ನೋಡಿ, ಯಾರದು ಯಾವುದೆಂದು ಒಬ್ಬಳೇ ಬರೆದು ನನ್ನ ಕೈಗೆ ಕೊಡಬೇಕು. ಆ ಹಾಳೆಯನ್ನು ಮೇಜಿನ ಖಾನೆಗೆ ಹಾಕಿ ಮರೆತೇಬಿಟ್ಟಿದ್ದೆ. ಸೆಮಿಸ್ಟರಿನ ಕೊನೆಯಲ್ಲಿ ಖಾನೆ ಸ್ವಚ್ಛ ಮಾಡುವಾಗ ಸಿಕ್ಕಿತು. ಹೋಲಿಸಿ ನೋಡಿದೆ. ಹದಿನಾರು ಮಂದಿಯ ಒಂದು ಗುಂಪಿನ ಗದ್ದಲದ ಪಕ್ಕದಲ್ಲಿ ಅವಳೊಬ್ಬಳ ಹಾಳೆ: ಹನ್ನೊಂದು ಸರಿ. ಮಾತೇ ಆಡದ ಹುಡುಗನ ಹಾಸ್ಯದ ಚೀಟಿಯೂ ಅವಳಲ್ಲಿ ಸರಿಯಾದ ಹೆಸರಿನ ಮುಂದೆ ಇತ್ತು. ಕರೆದು, ಹೇಗೆ ಹೊಂದಿಸಿದೆ ಎಂದು ಕೇಳಿದೆ. 'ಕೊನೆಯ ಬೆಂಚು ಮೇಡಂ, ಎಲ್ಲರೂ ಕಾಣುತ್ತಾರೆ' ಎಂದಳು.

ಮುಂದಿನ ತಂಡದವರ ಚೀಟಿಗಳ ಗಂಟೆಯನ್ನು ನನ್ನ ಜೊತೆ ನಡೆಸಿಕೊಡಲು ಒಪ್ಪಿದ್ದಾಳೆ. ಪ್ರಶ್ನಾವಳಿಗೆ ಇನ್ನೂ ಒಪ್ಪಿಲ್ಲ.